ಜೋಡಿ ಫ್ರಾಕಿನ ಟೊಂಕದ ಹೊಲಿಗೆ

ನಮ್ಮೂರಿನಲ್ಲಿ ಮಂಜುಗಡ್ಡೆ ಕಾಣುವುದು ಕಬ್ಬಿನ ಹಾಲಿನ ಗಾಡಿಯಲ್ಲಿ ಮಾತ್ರ. ಹಾಗಾಗಿ ನನ್ನ ಮಗಳು ಮಂಜುಗಡ್ಡೆಯ ಮೇಲೆ ಜಾರುತ್ತ ಕುಣಿಯುವ ಫಿಗರ್ ಸ್ಕೇಟಿಂಗ್ ಕಲಿತದ್ದು ಗಾಲಿಯ ಬೂಟಿನ ಮೇಲೆ, ಗೋಕುಲ ರಸ್ತೆ ಹತ್ತಿರದ ಸಿಮೆಂಟಿನ ಅಂಗಳದಲ್ಲಿ. ಅವಳ ಜೊತೆಗಾತಿ ರೈಲ್ವೆ ಕ್ವಾರ್ಟರ್ಸಿನ ಹುಡುಗಿ. ಇಬ್ಬರೂ ಕೈ ಹಿಡಿದು ಒಂಟಿಕಾಲಲ್ಲಿ ತಿರುಗುವಾಗ ವಾಕಿಂಗಿಗೆ ಬಂದವರೂ ನಿಂತು ನೋಡುತ್ತಿದ್ದರು. ಆದರೆ ಸ್ಪರ್ಧೆಯಲ್ಲಿ ಜೋಡಿ ಎಂದರೆ ಒಬ್ಬ ಹುಡುಗ, ಒಬ್ಬ ಹುಡುಗಿ. ಪ್ರತಿ ವರ್ಷ ಇವರಿಬ್ಬರೂ ಕಟ್ಟೆಯ ಮೇಲೆ ಕೂತು, ಬೇರೆಯವರಿಗೆ ಚಪ್ಪಾಳೆ ತಟ್ಟಿ ಮನೆಗೆ ಬರುತ್ತಿದ್ದರು.

ಈ ಸಲ ಬೇಸಿಗೆಯಲ್ಲಿ ಕಲಿಸುವ ಸರ್ ಫೋನ್ ಮಾಡಿದರು.

“ಅಕ್ಕಾರ, ಹೊಸಾ ವಿಭಾಗ ಸೇರಿಸ್ಯಾರ್ರಿ. ಇಬ್ಬರು ಹುಡುಗ್ಯಾರೂ ಜೋಡಿ ಆಡಬಹುದು. ಪೇಢಾ ತರ್ರಿ ಮೊದಲ!”

ನನ್ನ ಇಳಕಲ್ ಸೀರೆ ಕತ್ತರಿಸಿ ಎರಡು ಫ್ರಾಕು ಹೊಲಿದೆ. ಬೆಳೆಯುವ ಮಕ್ಕಳೆಂದು ಒಳಗೆ ಬಟ್ಟೆ ಜಾಸ್ತಿಯೇ ಬಿಟ್ಟೆ. ಗುಂಡಿ ಹಚ್ಚುವುದು ಮುಗಿಯುವಷ್ಟರಲ್ಲಿ ಜೊತೆಗಾತಿಯ ತಂದೆಗೆ ದೂರದ ಬಿಲಾಸಪುರಕ್ಕೆ ವರ್ಗವಾಯಿತು. ಫ್ರಾಕು ಕೊಡಲು ಹೋದರೆ ಅವಳ ತಾಯಿ ತೆಗೆದುಕೊಳ್ಳಲಿಲ್ಲ.

“ನಿಮ್ಮಲ್ಲೇ ಇರಲಿರಿ. ಅಲ್ಲಿ ಯಾರ ಜೋಡಿ ಹಾಕ್ಕೋತಾಳ?”

ಮಗಳು ಬೂಟು ಮುಟ್ಟುವುದನ್ನೇ ಬಿಟ್ಟಳು. ಸರ್ ಧಾರವಾಡದಿಂದ ಬರುವ ಇನ್ನೊಬ್ಬ ಹುಡುಗಿಯನ್ನು ಜೊತೆ ಮಾಡಿದರು. ಒಳ್ಳೆಯ ಹುಡುಗಿ, ಸ್ವಲ್ಪ ಮೈತುಂಬಿಕೊಂಡವಳು. ಫ್ರಾಕು ಅವಳ ಟೊಂಕಕ್ಕೆ ಬಿಗಿಯಾಯಿತು. ಹೊಲಿಗೆ ಬಿಚ್ಚಲು ನಾನು ಬ್ಲೇಡು ಹಿಡಿದೆ.

“ಆಕಿ ಫ್ರಾಕ್ ಬಿಚ್ಚಬ್ಯಾಡವ್ವಾ.”

“ಹಂಗಾದ್ರ ಈ ಹುಡುಗಿ ಏನ್ ಹಾಕ್ಕೋಬೇಕು? ಇಷ್ಟ ವರ್ಷ ಕಟ್ಟಿ ಮ್ಯಾಲೆ ಕುಂತಿದ್ದು ಸಾಕಾಗಿಲ್ಲೇನು?”

ಮಗಳು ಬಂದು ನನ್ನ ಕೈಯಿಂದ ಬ್ಲೇಡು ತೆಗೆದುಕೊಂಡಳು.

“ನೀ ಬಟ್ಟಿ ಹರೀತಿ. ನಾ ಬಿಚ್ಚತೇನಿ.”

ಒಂದೊಂದೇ ಎಳೆ ಕೊಯ್ದಳು. ಬಿಲಾಸಪುರಕ್ಕೆ ಹೋದವಳು ಬೆಳೆದಾಳೆಂದು ಬಿಟ್ಟ ಬಟ್ಟೆ ಧಾರವಾಡದವಳಿಗೆ ಸರಿಹೋಯಿತು. ಹಳೆಯ ಸೂಜಿಯ ತೂತುಗಳು ಮಾತ್ರ ಟೊಂಕದ ಸುತ್ತ ಉಳಿದವು. ಎಷ್ಟು ಇಸ್ತ್ರಿ ಮಾಡಿದರೂ ಹೋಗಲಿಲ್ಲ.

ಸ್ಪರ್ಧೆಯಲ್ಲಿ ಇಬ್ಬರೂ ಎಲ್ಲೂ ತಪ್ಪಲಿಲ್ಲ. ಬಹುಮಾನವೂ ಬಂತು. ಸಂಜೆ ಬಿಲಾಸಪುರದಿಂದ ವಿಡಿಯೊ ಕಾಲ್.

“ಸರ್ ಕಳಿಸಿದ ವಿಡಿಯೊ ನೋಡಿದ್ನಿ. ಛಲೋ ಆಡೀರಿ,” ಎಂದಳು ಆ ಹುಡುಗಿ. “ಫ್ರಾಕ್ ಆಕಿಗೆ ಬಿಗೀ ಆಗಲಿಲ್ಲೇನ?”

“ಸಡಲ ಮಾಡೇವಿ,” ಎಂದಳು ಮಗಳು.

“ಮತ್ತ ಇನ್ನ ನನಗ ಆಗಂಗಿಲ್ಲಲಾ.”

“ಆಗತೈತಿ. ನೀ ಬಂದಾಗ ಅವ್ವ ಮತ್ತ ಹಿಡದು ಹೊಲೀತಾಳ. ಹೌದಲ್ಲವ್ವಾ?”

ಹೂಂ ಎಂದೆ. ತೂತುಗಳ ಸಾಲು ಫೋನಿಗೆ ಕಾಣದಂತೆ ಫ್ರಾಕನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡೆ.