ಕಾರ್ಬೊರೇಟರ್‌ಗೆ ಹೂ ಕೇಳಿದ್ದು

ಇವತ್ತು ನಮ್ಮ ವ್ಯಾನ್ ಗುಜರಿಗೆ ಹೋಗುವುದು ತಪ್ಪಿತು, ಗೆಳೆಯರೇ. ತಾತ ಕೊಂಡಿದ್ದ ಈ ಹಳೇ ಆರು ಸಿಲಿಂಡರ್ ವ್ಯಾನಿನಲ್ಲಿ ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬೊರೇಟರ್ ಕೆಟ್ಟುಹೋಗಿತ್ತು. ಅದರ ಬದಲಿಗೆ ಅರಸೀಕೆರೆಯ ಗ್ಯಾರೇಜಿನಲ್ಲಿ ಎರಡು ಸಿಕ್ಕಿದ್ದವು, ಒಂದು ದೊಡ್ಡದು, ಒಂದು ಚಿಕ್ಕದು. ಇವತ್ತೂ ಓಡದಿದ್ದರೆ ನಾಳೆ ಗುಜರಿಯವನಿಗೇ ಎಂದು ಅಮ್ಮ ಖಡಾಖಂಡಿತವಾಗಿ ಹೇಳಿದ್ದಳು.

"ಹಳೇದರಷ್ಟೇ ಇರೋ ಚಿಕ್ಕದು ಸಾಕಪ್ಪಾ" ಅಂದೆ.

"ಆರು ಸಿಲಿಂಡರ್ ಕಣೇ, ಹೊಟ್ಟೆ ದೊಡ್ಡದೈತೆ. ದೊಡ್ಡದೇ ಬೇಕು" ಅಂದರು ಅಪ್ಪ. ನಾನು ಒಪ್ಪದಿದ್ದಾಗ ಸೀದಾ ವೀರಭದ್ರನ ಗುಡಿಗೆ ಹೋಗಿ ಹೂ ಕೇಳಿದರು. ಬಲಕ್ಕೆ ಬಿದ್ದರೆ ದೊಡ್ಡದು, ಎಡಕ್ಕೆ ಬಿದ್ದರೆ ಚಿಕ್ಕದು. ಹೂ ಬಲಕ್ಕೇ ಬಿತ್ತು.

ದೊಡ್ಡದನ್ನು ಕೂರಿಸಿದ್ದೇ ತಡ, ವ್ಯಾನ್ ಕರೀ ಹೊಗೆ ಉಗುಳಿ, ಕೆಮ್ಮಿ, ನಿಂತೇ ಹೋಯಿತು. ಮೆಕ್ಯಾನಿಕ್ ಯಾರನ್ನೂ ಕೇಳದೆ ಚಿಕ್ಕದನ್ನು ಹಾಕಿದ. ಒಂದೇ ಸೆಲ್ಫ್‌ಗೆ ಸ್ಟಾರ್ಟ್! ನನಗಂತೂ ಹೋದ ಜೀವ ಬಂದಂತಾಯಿತು.

"ಹಂಗಾದ್ರೆ ವೀರಭದ್ರ ಸುಳ್ಳು ಹೇಳಿದ್ನಾ?" ಎಂದು ಅಪ್ಪನನ್ನು ಕೆಣಕಿದೆ.

"ದೇವ್ರು ನಮಗೆ ಎದುರಾಗಿ ನಿಂತವ್ನೆ ಕಣೇ. ನಮ್ಮ ಬಲ ಅವನಿಗೆ ಎಡ. ಅವನು ಹೇಳಿದ್ದು ಚಿಕ್ಕದನ್ನೇ!"

ವ್ಯಾನ್ ಉಳಿಯಿತು, ದೇವರ ಮಾನವೂ ಉಳಿಯಿತು. ಚಿಕ್ಕದು ಸಾಕೆಂದು ದೇವರಿಗಿಂತ ಮೊದಲೇ ಹೇಳಿದ್ದು ನಾನು ಅನ್ನುವುದು ಮಾತ್ರ ಅಪ್ಪನಿಗೆ ನೆನಪೇ ಇಲ್ಲ.