ಬಾಯಿಸಾಬರು ಹಿಂಡು ನೋಡಲು ಹೋದದ್ದು

ಮುದ್ದೇಬಿಹಾಳದಲ್ಲಿ ಬಾಯಿಸಾಬರು ಎಲ್ಲಿಗೆ ಹೋದರೂ ಹಿಂದೆ ಒಂದು ಬೆತ್ತದ ಕುರ್ಚಿ ಹೋಗುತ್ತಿತ್ತು. ಮದುವೆಯ ಮನೆಯಾಗಲಿ, ಸತ್ತವರ ಮನೆಯಾಗಲಿ, ಮಾಮಲೇದಾರರ ಕಚೇರಿಯಾಗಲಿ, ಆಳು ಯಮನಪ್ಪ ಅದನ್ನು ತಲೆಯ ಮೇಲೆ ಬೋರಲು ಹೊತ್ತುಕೊಂಡು ಬರುತ್ತಿದ್ದ. ಉಳಿದ ಹೆಂಗಸರು ಜಮಖಾನದ ಮೇಲೆ ಒತ್ತೊತ್ತಾಗಿ ಕೂತಿರುವಾಗ ಇವರು ಗಂಡಸರ ಸಾಲಿಗೆ ಸಮನಾಗಿ ಕುರ್ಚಿ ಹಾಕಿಸಿಕೊಂಡು ಕೂಡುತ್ತಿದ್ದರು. ಯಾರಾದರೂ ಸೆರಗಿನ ಮರೆಯಲ್ಲಿ ನಕ್ಕರೆ, "ನೆಲದ ಮ್ಯಾಲೆ ಕೂಡೂ ಪಾಳಿ ನಂದು ಮುಗದೈತಿ" ಎನ್ನುತ್ತಿದ್ದರು. ಅದರಲ್ಲಿ ಸಿಟ್ಟು ಇರುತ್ತಿರಲಿಲ್ಲ. ಹೊಲದ ಬದು ಎಲ್ಲಿದೆಯೆಂದು ತೋರಿಸುವವರ ಧಾಟಿ ಅದು.

ಅವರ ಹೆಸರು ಅಂಬಾಬಾಯಿ. ದೇಸಾಯರ ಮನೆಗೆ ಸೊಸೆಯಾಗಿ ಬಂದವರು. ಮಕ್ಕಳಿರಲಿಲ್ಲ. ಗಂಡ ತೀರಿದ ಮೇಲೆ ತಂಗಡಗಿಯ ಹತ್ತಿರದ ಹೊಳೆದಂಡೆಯ ಹೊಲಗಳ ಕಾರಭಾರವನ್ನು ತಾವೇ ನೋಡಿಕೊಳ್ಳುತ್ತಿದ್ದರು. ಎತ್ತರದ ಆಳು, ಭಾರವಾದ ಮೈ, ಸವೆದ ಮೊಣಕಾಲು. ಯಾರಾದರೂ ಮಾತು ಎಳೆದರೆ "ಆತು, ಮುಂದಿಂದು ಹೇಳು" ಎಂದು ಅಲ್ಲಿಗೇ ಕತ್ತರಿಸುತ್ತಿದ್ದರು. ನಾನು ಇಂಡಿ ಊರಿನವಳು. ಎಪ್ಪತ್ತರ ದಶಕದ ನಡುವೆ ಅಲ್ಲಿಯ ಹೆಣ್ಣುಮಕ್ಕಳ ಹೈಸ್ಕೂಲಿಗೆ ಭೂಗೋಳ ಕಲಿಸಲು ಹೋದಾಗ ಅವರ ಮಾಳಿಗೆಯ ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದೆ.

ಒಂದು ರವಿವಾರ ನಾನು ಪಡಸಾಲೆಯಲ್ಲಿ ಆಫ್ರಿಕಾದ ನಕಾಶೆ ಬರೆಯುತ್ತಿದ್ದೆ. ಪಕ್ಕದಲ್ಲಿ ಶಾಲೆಯಿಂದ ತಂದ ಇಂಗ್ಲಿಷ್ ಮಾಸಪತ್ರಿಕೆ ತೆರೆದಿತ್ತು. ಅದರ ಎರಡೂ ಪುಟ ತುಂಬಿ ಒಂದು ಚಿತ್ರ: ಹೊಳೆ ದಾಟುತ್ತಿರುವ ಪ್ರಾಣಿಗಳ ಹಿಂಡು, ಹಿಂದೆ ಬಯಲಿನ ಅಂಚಿನ ತನಕ ಅವೇ. ಬಾಯಿಸಾಬರು ಬಗ್ಗಿ ನೋಡಿದರು.

"ಯಾವ ದನಾ ಇವು?"

"ವೈಲ್ಡ್‌ಬೀಸ್ಟ್ ಅಂತಾರ್ರಿ. ಮಳಿ ಎಲ್ಲಿ ಆಗತೈತಿ, ಹುಲ್ಲು ಎಲ್ಲಿ ಹುಟ್ಟತೈತಿ, ಅಲ್ಲಿಗೆ ನಡ್ಕೋತ ಹೋಗ್ತಾವ. ವರ್ಷಾ ಹಿಂಗ ಸುತ್ತು ಹಾಕತಾವ."

"ಎಮ್ಮಿಗೆ ಗಡ್ಡಾ ಹಚ್ಚಿಧಾಂಗ ಅದಾವ" ಎಂದರು. "ಇನ್ನೂ ಅದಾವೇನು, ಇಲ್ಲಾ ಎಲ್ಲಾ ಸತ್ತಾವು?" ಎಂದು ಕೇಳಿದರು.

"ಅದಾವ್ರಿ."

"ಹಂಗಾರ ನೋಡಬೇಕು."

ಅದನ್ನು ನಾನು ಬಾಯಿಮಾತು ಎಂದುಕೊಂಡೆ. ಸಂಜೆ ಅವರು ಮಾಳಿಗೆಯ ಮೆಟ್ಟಿಲ ಬುಡದಲ್ಲಿ ನಿಂತು ನನ್ನನ್ನು ಕರೆದು, ಯಾವ ತಿಂಗಳು ಹೋದರೆ ಹೊಳೆ ದಾಟುವುದು ಕಾಣುತ್ತದೆ ಎಂದು ಕೇಳಿದಾಗ ಇದು ಹಾಗಲ್ಲ ಎಂದು ತಿಳಿಯಿತು.

ಅವರ ಗಂಡ ದೊಡ್ಡ ಬೇಟೆಗಾರರು. ಸಿಂದಗಿ ಕಡೆ, ಯಂಕಂಚಿಯ ಸುತ್ತಿನ ಎರೆಭೂಮಿಯಲ್ಲಿ ಆಗ ಚಿಗರಿಯ ಹಿಂಡುಗಳಿದ್ದವು. ಬೆಳೆ ಕೊಯ್ದ ಮೇಲೆ ದೇಸಾಯರು ಅಧಿಕಾರಿಗಳನ್ನೂ ಬೀಗರನ್ನೂ ಕರೆದುಕೊಂಡು ಹೋಗಿ ಡೇರೆ ಹಾಕಿಸುತ್ತಿದ್ದರು. ಮಂಚ, ರತ್ನಗಂಬಳಿ, ಗ್ಯಾಸಬತ್ತಿ ಎಲ್ಲ ಗಾಡಿಯಲ್ಲಿ ಹೋಗುತ್ತಿದ್ದವು. ಅಡಿಗೆಯ ಉಸ್ತುವಾರಿಗೆ ಹೆಂಡತಿಯೂ ಹೋಗುತ್ತಿದ್ದರು.

"ಹಿಂದಿನ ಡೇರೇದಾಗ ನಂದು ಒಲಿ" ಎಂದು ಬಾಯಿಸಾಬರು ಹೇಳಿದರು. "ಹಿಂಡು ಓಡಿದ್ರ ನೆಲಾ ದಡದಡ ಅಂತಿತ್ತು. ಎದ್ದು ಹೋಗಿ ನೋಡೂಣು ಅಂದ್ರ ಪರದೆ. ಮುಂದ ಗಂಡಸರು. ನಾ ಚಿಗರಿ ನೋಡಿದ್ದು ಪಾತೇಲಿಯೊಳಗ. ಪರದೆ ಬಿಟ್ಟು ಹೊರಗ ಬರೂದರಾಗ ಒಂದೂ ಉಳಿದಿದ್ದಿಲ್ಲ."

ಹೀಗೆ ತಯಾರಿ ಸುರುವಾಯಿತು. ವಿಜಾಪುರದ ಗುಜರಾತಿ ಹತ್ತಿ ವ್ಯಾಪಾರಿಯೊಬ್ಬರ ಮೂಲಕ ಮುಂಬಯಿಯ ಪ್ರವಾಸದ ಕಂಪನಿಯೊಂದರ ವಿಳಾಸ ಸಿಕ್ಕಿತು. ಬಾಯಿಸಾಬರು ಕುರ್ಚಿಯಲ್ಲಿ ಕೂತು ಹೇಳುವುದು, ನಾನು ಇಂಗ್ಲಿಷಿನಲ್ಲಿ ಬರೆಯುವುದು.

"ಬರಿ. ಮಂಚ ಬೇಕು, ಸ್ಪ್ರಿಂಗಿಂದು ಬ್ಯಾಡ. ಬೆನ್ನಿರೂ ಕುರ್ಚಿ ಬೇಕು. ಬಿಸಿನೀರು ನಾ ಕೇಳೂಕಿಂತ ಮದಲ ಬರಬೇಕು."

"ಅಡವ್ಯಾಗ ಅಷ್ಟೆಲ್ಲಾ ಇರತೈತೋ ಇಲ್ಲೋ, ಬಾಯಿಸಾಬ."

"ಯಂಕಂಚಿ ಅಡವ್ಯಾಗ ಇತ್ತು. ಬಂದ ಸಾಹೇಬರಿಗೆಲ್ಲಾ ನಾನ ಕೊಡಸೇನಿ. ಬರಿ ನೀ."

ಕಂಪನಿಯವರು ಮೊದಲು ಬಸ್ಸಿನಲ್ಲಿ ಗುಂಪಾಗಿ ಹೋಗುವ ಅಗ್ಗದ ಪ್ರವಾಸವೊಂದನ್ನು ಸೂಚಿಸಿದರು. ನಾನು ಓದಿ ಹೇಳಿದೆ. "ಗುಂಪು ನೋಡಾಕ ಹೊಂಟೇನಿ, ಗುಂಪಿನ್ಯಾಗ ಹೋಗಾಕಲ್ಲ" ಎಂದರು. ಎರಡನೆಯ ಸಲ ಅವರು ಹೊಳೆಯ ದಂಡೆಯಲ್ಲೇ ಡೇರೆ, ಬೇರೆ ಜೀಪು, ಊಟಕ್ಕೆ ಬಿಳಿ ಬಟ್ಟೆ ಹಾಸಿದ ಮೇಜು ಇರುವ ಶ್ರೀಮಂತರ ಪ್ರವಾಸದ ವಿವರ ಕಳಿಸಿದರು. ಬಾಯಿಸಾಬರು ಕಣ್ಣು ಮುಚ್ಚಿ ಕೇಳಿಸಿಕೊಂಡರು.

"ಅಡಗಿ ಯಾರು ಮಾಡತಾರಂತ?"

"ಗಂಡಸರು."

"ಹಾಂ. ಇದಕ್ಕ ಹೂಂ ಅಂತ ಬರಿ."

ಹಿಂಡು ದಕ್ಷಿಣದ ದೇಶದಿಂದ ಉತ್ತರದ ದೇಶಕ್ಕೆ ದಾಟುತ್ತದೆ. ಎರಡೂ ಕಡೆ ನೋಡುವ ಆಸೆ ಇತ್ತು. ಆದರೆ ಆ ಹೊತ್ತಿಗೆ ಟಾಂಜಾನಿಯಾ ಮತ್ತು ಕೀನ್ಯಾ ನಡುವಿನ ಗಡಿ ಮುಚ್ಚಿತ್ತು. ಕೀನ್ಯಾದ ಕಡೆ ಮಾತ್ರ ಎಂದು ಗೊತ್ತುಮಾಡಿದೆವು. ಅಲ್ಲಿ ಬೇಟೆಯನ್ನು ಪೂರಾ ನಿಲ್ಲಿಸಿದ್ದಾರೆಂದು ಕಂಪನಿಯವರು ಬರೆದದ್ದನ್ನು ಅವರು ನನ್ನಿಂದ ಮತ್ತೊಮ್ಮೆ ಓದಿಸಿದರು. ಆಗಸ್ಟ್ ತಿಂಗಳು, ಮುಂಗಾರಿ ಬಿತ್ತಿಗೆ ಮುಗಿದ ಮೇಲೆ. ಜೊತೆಗೆ ನಾನು ಹೋಗಬೇಕು. ನನ್ನ ಶಾಲೆಯ ಮಂಡಳಿಯವರು ರಜೆ ಕೊಡಲು ಹಿಂದೆ ಮುಂದೆ ನೋಡಿದಾಗ ಯಮನಪ್ಪ ಕುರ್ಚಿ ಹೊತ್ತುಕೊಂಡು ಶಾಲೆಗೆ ಬಂದ. ಹಿಂದಿನಿಂದ ಬಾಯಿಸಾಬರು ಬಂದರು. ರಜೆ ಸಿಕ್ಕಿತು.

ಖರ್ಚಿಗೆ ಅವರು ಹೊಲ ಮುಟ್ಟಲಿಲ್ಲ. ಗಂಡನ ಬಂದೂಕುಗಳನ್ನು ಮಾರಿದರು. ವಿಲಾಯತಿಯ ಒಳ್ಳೆಯ ಬಂದೂಕುಗಳು. ಸುದ್ದಿ ಬಸವನ ಬಾಗೇವಾಡಿಯಲ್ಲಿದ್ದ ಮೈದುನ ಬಾಪುಸಾಹೇಬರಿಗೆ ಮುಟ್ಟಿತು. ಮರುದಿನವೇ ಬಂದರು. ಅಣ್ಣನ ಜೊತೆ ಬೇಟೆಗೆ ಹೋಗುತ್ತಿದ್ದವರು. ಮೀಸೆ ಪೂರ್ತಿ ಬೆಳ್ಳಗಾಗಿತ್ತು.

"ವೈನಿ, ಅಣ್ಣನ ಬಂದೂಕ ಮಾರ್ತೀರಂತ."

"ಮಾರ್ತೇನಿ ಅಲ್ಲ. ಮಾರೇನಿ."

"ಮನೆತನದ ಮರ್ಯಾದಿ ಇತ್ರಿ ಅದು."

"ಇದ್ದಿದ್ರ ಅದೂ ಕೂಡೇ ಹೋತು. ಮುಂದಿಂದು ಹೇಳು."

ಬಾಪುಸಾಹೇಬರು ದನಿ ಏರಿಸಿದರು. "ಮಂದಿ ಕಾಶಿಗೆ ಹೋಗ್ತಾರ್ರಿ. ನೀವು ದನಾ ನೋಡಾಕ ಆಫ್ರಿಕಾಕ್ಕ ಹೊಂಟೀರಿ. ನಾಳೆ ನಾ ನಾಕು ಮಂದ್ಯಾಗ ಹೆಂಗ ಮಾರಿ ತೋರಿಸಲಿ?"

"ಕಾಶಿಗೆ ನಿಮ್ಮಣ್ಣನ ಜೋಡಿ ಹೋಗಿ ಬಂದೇನಿ. ಅಲ್ಲೂ ಅಡಗಿ ನಾನ ಮಾಡೇನಿ."

ಬಾಪುಸಾಹೇಬರು ಎದ್ದು ನಿಂತರು. ಈ ಮನೆಯ ಹೊಸ್ತಿಲು ಇನ್ನು ತುಳಿಯುವುದಿಲ್ಲ, ಹೊಳೆದಂಡೆಯ ಹೊಲದ ವಿಷಯವನ್ನು ಕೋರ್ಟಿನಲ್ಲಿ ನೋಡುತ್ತೇನೆ ಎಂದು ಹೇಳಿ ಚಹಾ ಕುಡಿಯದೆ ಹೋದರು. ಅಂದು ಬಾಯಿಸಾಬರು ಊಟ ಮಾಡಲಿಲ್ಲ. ಗಂಡನ ಬಳಗದಲ್ಲಿ ಅವರನ್ನು "ವೈನಿ" ಎಂದು ಕರೆಯುವವರು ಅವರೊಬ್ಬರೇ ಉಳಿದಿದ್ದರು. "ಬಿಡೂಣೇನ್ರಿ?" ಎಂದು ನಾನು ಕೇಳಿದೆ.

"ಅಂವ ಸಣ್ಣಾಂವ ಇದ್ದಾಗ ನಾನ ಎತ್ತಿ ಆಡಿಸೇನಿ. ನನ್ನ ಬಿಟ್ಟರೂ ಬಿಟ್ಟಾನು" ಎಂದರು. "ಪಾಸಪೋರ್ಟಿನ ಕಾಗದ ಎಲ್ಲಿಗೆ ಬಂತು ನೋಡು."

ಆ ಕಾಗದದ ವಿಚಾರಣೆಗೆ ಬಂದ ಪೊಲೀಸರವನು ಪರದೇಶಕ್ಕೆ ಹೋಗುವ ಉದ್ದೇಶವೇನು ಎಂದು ಕೇಳಿದ. "ಹೊಳಿ ದಾಟೂದು ನೋಡೂದು" ಎಂದರು. ಕೃಷ್ಣಾ ಇಲ್ಲೇ ಇದೆಯಲ್ಲ ಎಂದು ಅವನು ಗಲಿಬಿಲಿಗೊಂಡಾಗ, "ದಾಟವ್ರು ಇಲ್ಲಿಲ್ಲ" ಎಂದರು. ಅವನು ಏನು ಬರೆದುಕೊಂಡು ಹೋದನೋ ಗೊತ್ತಿಲ್ಲ.

ಎಪ್ಪತ್ತೆಂಟರ ಆಗಸ್ಟಿನಲ್ಲಿ ನಾವು ಹೊರಟೆವು. ಒಂದು ಡಬ್ಬಿ ಕಟಕ ರೊಟ್ಟಿ, ಒಂದು ಡಬ್ಬಿ ಶೇಂಗಾ ಹಿಂಡಿಯ ಚಟ್ನಿ. ಕುರ್ಚಿಯನ್ನು ಮಾತ್ರ ವಿಮಾನದವರು ಒಯ್ಯಗೊಡಲಿಲ್ಲ.

ಅಲ್ಲಿ ಅವರು ಕೇಳಿದ್ದೆಲ್ಲ ಇತ್ತು. ಬೆಳಗಾಗುವ ಮುಂಚೆ ಒಬ್ಬ ಎತ್ತರದ ಮನುಷ್ಯ ಡೇರೆಯ ಹೊರಗೆ ಮೆಲ್ಲನೆ ಕೂಗಿ ಬಿಸಿನೀರು ಇಟ್ಟು ಹೋಗುತ್ತಿದ್ದ. ಮೊದಲ ದಿನ ಬಾಯಿಸಾಬರು ಆ ನೀರಿನ ಮುಂದೆ ಸುಮ್ಮನೆ ಕೂತುಬಿಟ್ಟರು. ಆರಿಹೋದೀತೆಂದು ನಾನು ಹೇಳಬೇಕಾಯಿತು.

ಕಷ್ಟವಾದದ್ದು ಜೀಪು ಹತ್ತುವುದು. ಅದರ ಮೆಟ್ಟಿಲು ಅವರ ಮೊಣಕಾಲಿಗಿಂತ ಮೇಲಿತ್ತು. ಡ್ರೈವರ್ ಜೋಸೆಫ್ ಮತ್ತು ಅಡಿಗೆಯವನು ಕೈಗೆ ಕೈ ಹೆಣೆದು ಅವರನ್ನು ಎತ್ತಿ ಕೂಡಿಸುತ್ತಿದ್ದರು. ಆಗ ಅವರ ಮುಖ ಕೆಂಪಾಗುತ್ತಿತ್ತು. ಮುದ್ದೇಬಿಹಾಳದಲ್ಲಿ ಯಾರ ಎದುರಿಗೂ ತಗ್ಗದ ಹೆಂಗಸು ಅಲ್ಲಿ ತಲೆ ತಗ್ಗಿಸಿದ್ದನ್ನು ನಾನು ನೋಡಿದೆ.

ಎರಡು ದಿನ ಹಿಂಡು ದಾಟಲಿಲ್ಲ. ಹೊಳೆಯ ತನಕ ಬರುವುದು, ಮುಂದಿನದು ನೀರು ಮೂಸುವುದು, ಏನೋ ಅಂಜಿಕೆಯಾಗಿ ಎಲ್ಲವೂ ತಿರುಗುವುದು. ದಾಟದೆಯೂ ಇರಬಹುದೆಂದು ಜೋಸೆಫ್ ಹೇಳಿದ. ನಮಗೆ ಉಳಿದದ್ದು ಇನ್ನೊಂದೇ ದಿನ. ಆ ಕಡೆಯ ದಿನ ಮಧ್ಯಾಹ್ನ ಹಿಂಡಿನ ಒಂದು ಹೆಣ್ಣು ದಂಡೆಯಿಂದ ಕೆಳಗೆ ಜಿಗಿಯಿತು. ಹಿಂದೆ ಇಡೀ ದಂಡೆ ಕುಸಿದಂತೆ ಉಳಿದವೆಲ್ಲ ಧುಮುಕಿದವು. ಧೂಳು, ನೀರು, ಗೊಗ್ಗರು ದನಿಯ ಕೂಗು. ನಮ್ಮ ಜೀಪಿನ ಕಬ್ಬಿಣವೆಲ್ಲ ಗಡಗಡ ನಡುಗಿತು. ಬಾಯಿಸಾಬರು ಎದ್ದು ನಿಂತರು. ಮುಂದಿನ ಸರಳು ಹಿಡಿದು, ಆ ಮೊಣಕಾಲಿನ ಮೇಲೆ, ಕಡೆಯ ಪ್ರಾಣಿ ದಾಟುವ ತನಕ ನಿಂತೇ ಇದ್ದರು.

ಒಂದು ಮರಿ ಆಚೆ ದಂಡೆ ಮುಟ್ಟಿ, ತಾಯಿ ಕಾಣದೆ ತಿರುಗಿ ನೀರಿಗೆ ಬಿದ್ದು ನಮ್ಮ ಕಡೆಗೇ ಈಜಿ ಬಂತು. ಇಲ್ಲಿಯೂ ಕಾಣದೆ ಮತ್ತೆ ಆಚೆಗೆ ಹೋಯಿತು. "ಹೋಗು, ಹೋಗು, ಅಲ್ಲೇ ಅದಾಳ" ಎಂದು ಅವರು ಮೆಲ್ಲಗೆ ಹೇಳುತ್ತಿದ್ದರು. ಮರಿಗೆ ತಾಯಿ ಸಿಕ್ಕಿತೋ ಇಲ್ಲವೋ, ಧೂಳಿನಲ್ಲಿ ಕಾಣಲಿಲ್ಲ.

ಜೋಸೆಫ್ ತಿರುಗಿ, ಇಂದು ದಾಟಿದ್ದು ಎಷ್ಟಿರಬಹುದೆಂದು ಒಂದು ಅಂದಾಜು ಹೇಳಿದ. ನಾನು ಕನ್ನಡದಲ್ಲಿ ಹೇಳಹೊರಟೆ. ಬಾಯಿಸಾಬರು ಕೈ ಅಡ್ಡ ಹಿಡಿದರು.

"ಎಣಕಿ ಬ್ಯಾಡ. ನಮ್ಮ ಮನಿ ಗಂಡಸರು ಎಣಿಸಿ ಎಣಿಸಿನ ಮುಗಿಸಿದ್ರು."

ಆಮೇಲೆ ಕೂತರು. ಅತ್ತರೋ ಏನೋ, ಧೂಳಿಗೆ ಎಲ್ಲರ ಕಣ್ಣಲ್ಲೂ ನೀರಿತ್ತು.

ಊರಿಗೆ ಬಂದ ಮೇಲೆ ನೋಡಲು ಬಂದ ಮಂದಿಗೆಲ್ಲ ಅವರು ಹೇಳಿದ್ದು ಬಿಸಿನೀರಿನ ಸುದ್ದಿ, ಮಂಚದ ಸುದ್ದಿ. ಹಿಂಡಿನ ಮಾತು ಎತ್ತುತ್ತಿರಲಿಲ್ಲ. ದೀಪಾವಳಿಯ ಹೊತ್ತಿಗೆ ಬಾಪುಸಾಹೇಬರು ಬಂದರು. ಕೋರ್ಟಿನ ವಿಷಯ ಅವರೂ ತೆಗೆಯಲಿಲ್ಲ, ಇವರೂ ಕೇಳಲಿಲ್ಲ. ಚಹಾ ಕುಡಿದು, ಮೀಸೆ ಒರೆಸಿಕೊಂಡು ಕೇಳಿದರು.

"ವೈನಿ, ಬಯಲ ತುಂಬ ಇದ್ವೇನ್ರಿ? ನಮ್ಮ ಕಡೆ ಮದಲ ಇದ್ಹಾಂಗ?"

"ಇದ್ವು. ಬರ್ತಿಯೇನು ಮುಂದಿನ ಸಲ?"

ಬಾಪುಸಾಹೇಬರು ಅಂದು ರಾತ್ರಿ ಊಟಕ್ಕೆ ಅಲ್ಲೇ ಉಳಿದರು.

ಮುಂದಿನ ಸಲ ಎಂದದ್ದು ಸುಮ್ಮನೆ ಅಲ್ಲ. ಫೆಬ್ರುವರಿಯ ಸುಮಾರಿಗೆ, ಗಡಿಯ ಆಚೆ ಟಾಂಜಾನಿಯಾದ ಬಯಲಿನಲ್ಲಿ, ಆ ಹಿಂಡಿನವೆಲ್ಲ ಒಮ್ಮೆಲೇ ಮರಿ ಹಾಕುತ್ತವೆ ಎಂದು ಜೋಸೆಫ್ ಹೇಳಿದ್ದ. ಬಾಯಿಸಾಬರಿಗೆ ಅದನ್ನು ನೋಡಬೇಕಾಗಿತ್ತು. ಆದರೆ ಕಂಪನಿಯವರು ಕೀನ್ಯಾದ ಮೂಲಕವೇ ಕರೆದೊಯ್ಯುತ್ತಿದ್ದರು, ಗಡಿ ಇನ್ನೂ ತೆರೆದಿರಲಿಲ್ಲ. ಬಾಪುಸಾಹೇಬರು ತಿಂಗಳಿಗೊಮ್ಮೆ ಬಂದು ಗಡಿಯ ಸುದ್ದಿ ವಿಚಾರಿಸಿ ಹೋಗುತ್ತಿದ್ದರು. ಅಷ್ಟರಲ್ಲಿ ನನಗೆ ಇಂಡಿಯ ಶಾಲೆಯಲ್ಲಿ ಕೆಲಸ ಸಿಕ್ಕಿ ನಾನು ಊರಿಗೆ ಮರಳಿದೆ. ಮರುವರ್ಷದ ಮಳೆಗಾಲದಲ್ಲಿ ಅವರು ಜ್ವರ ಬಂದು ತೀರಿಕೊಂಡರು. ಸುದ್ದಿ ತಡವಾಗಿ ಮುಟ್ಟಿತು, ಮಣ್ಣಿಗೆ ಹೋಗಲಾಗಲಿಲ್ಲ.

ಕಡೆಯ ಸಲ ಅವರನ್ನು ಕಂಡದ್ದು ಅದೇ ವರ್ಷದ ಬೇಸಿಗೆಯಲ್ಲಿ, ಮುದ್ದೇಬಿಹಾಳಕ್ಕೆ ಒಂದು ಮದುವೆಗೆ ಹೋದಾಗ. ಅಂಗಳದಲ್ಲಿ ಬಡಿಗನಿಂದ ಒಂದು ಕಟ್ಟಿಗೆಯ ಅಟ್ಟ ಮಾಡಿಸಿ ನಿಲ್ಲಿಸಿದ್ದರು. ಅದಕ್ಕೆ ಎತ್ತರದ ಒಂದೇ ಮೆಟ್ಟಿಲು, ಪಕ್ಕದಲ್ಲಿ ಒಂದು ಸರಳು.

"ಇದೇನ್ರಿ?"

"ಜೀಪು. ಜೋಸೆಫಂದು ಇಷ್ಟ ಎತ್ತರ ಇತ್ತಲಾ? ದಿನಾ ಹತ್ತಾಕತ್ತೇನಿ. ಗಡಿ ಯಾವಾಗ ತೆರೀತಾರೋ ಗೊತ್ತಿಲ್ಲ. ತೆರದ ದಿನ ಕಾಲು ಏಳಲಿಲ್ಲಂದ್ರ ಏನು ಮಾಡೂದು?"

ನಾನು ಕೈ ಕೊಡಲು ಹೋದೆ. ಬೇಡವೆಂದರು. ಸರಳು ಹಿಡಿದು, ಒಂದು ಕಾಲು ಮೇಲಿಟ್ಟು, ಉಸಿರು ಬಿಗಿಹಿಡಿದು ಮೈ ಎತ್ತಿದರು. ಮೊದಲ ಸಲ ಆಗಲಿಲ್ಲ. ಎರಡನೆಯ ಸಲ ಮೇಲೆ ಹೋಗಿ ಧೊಪ್ಪನೆ ಕೂತರು. ಹಣೆಯ ಬೆವರು ಒರೆಸಿಕೊಂಡು ನನ್ನ ಕಡೆ ನೋಡಿದರು.

"ಇಳಿಯೂದು ಹೆಂಗ್ರಿ?" ಎಂದೆ.

"ಇಳಿಯೂದು ಇನ್ನೂ ಬರವಲ್ದು. ಯಮನಪ್ಪ ಇಳಸ್ತಾನ. ಹತ್ತೂದು ಬಂತಲಾ, ಅದನ್ನೂ ಕಲೀತೇನಿ."

ಯಮನಪ್ಪ ಹೊಲಕ್ಕೆ ಹೋಗಿದ್ದ. ಅವನು ಬರುವ ತನಕ ನಿಲ್ಲುತ್ತೇನೆ ಎಂದೆ. ವಿಜಾಪುರದ ಬಸ್ಸು ತಪ್ಪುತ್ತದೆ, ನಡಿ ಎಂದು ನನ್ನನ್ನು ಗದರಿಸಿ ಕಳಿಸಿದರು. ಅಗಸಿ ಬಾಗಿಲು ದಾಟುವಾಗ ತಿರುಗಿ ನೋಡಿದೆ. ಅವರು ಅಟ್ಟದ ಮೇಲೆ ಕಾಲು ಇಳಿಬಿಟ್ಟು, ಸರಳು ಹಿಡಿದು, ಮುಂದೆ ನೋಡುತ್ತ ಕೂತಿದ್ದರು.