ಜನೀನ್ ಯಾರೆಂದು ಯಾರಿಗೂ ಗೊತ್ತಿಲ್ಲ

ಇಂಗ್ಲೆಂಡಿನ ಲ್ಯಾಂಕಾಶೈರಿನ ನಮ್ಮ ಊರಿನ ಕ್ರಿಕೆಟ್ ಕ್ಲಬ್ಬಿನಲ್ಲಿ ಗಂಡಸರು ಆಡುತ್ತಾರೆ, ಹೆಂಗಸರು ಬಡಿಸುತ್ತಾರೆ. ಮದುವೆಯಾದಾಗಿನಿಂದ ಪ್ರತಿ ಶನಿವಾರ ಎರಡೂ ತಂಡಗಳಿಗೆ ಆಟದ ನಡುವಿನ ಟೀ ಹೊತ್ತಿನ ಊಟಕ್ಕೆ ಹಿಟ್ಟಿನ ಹೊದಿಕೆಯೊಳಗೆ ಮಾಂಸ, ಆಲೂಗಡ್ಡೆ ತುಂಬಿದ ಪೈ ಬೇಯಿಸಿ, ತಟ್ಟೆ ತೊಳೆದು, ಮನೆಗೆ ಬಂದು ಗಂಡನ ಬಿಳಿ ಪ್ಯಾಂಟಿನ ಹುಲ್ಲಿನ ಕಲೆ ಉಜ್ಜಿದವಳು ಜನೀನ್ ಆರ್ಮರಾಡ್. ಕೆಂಪು ಕೋಸಿನ ಉಪ್ಪಿನಕಾಯಿಯನ್ನು ಉಳಿದವರೆಲ್ಲ ಪೈ ಪಕ್ಕಕ್ಕೆ ಬಡಿಸಿದರೆ ಅವಳು ಒಳಗೇ ತುಂಬುತ್ತಿದ್ದಳು. ಗಂಡಸರು ಗೊಣಗುತ್ತಲೇ ಎರಡನೇ ತುಂಡು ಕೇಳುತ್ತಿದ್ದರು.

ಗಂಡ ಕ್ಲೈವ್ ಕ್ಲಬ್ಬಿನ ವೇಗದ ಬೌಲರ್. ಆ ಕೈಯ ವೇಗ ಜನೀನ್ ಮೈಗೂ ಗೊತ್ತಿತ್ತು. ಕೊನೆಗೆ ಅವಳು ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಕೋರ್ಟಿಗೆ ಹೋದಳು. ಮಕ್ಕಳು ಅವಳ ಬಳಿಯೇ ಇರಲಿ ಎಂದಿತು ಕೋರ್ಟು. ತಾಯಿ, ಮಕ್ಕಳ ಗುರುತು ಸಿಗುವಂಥದ್ದೇನನ್ನೂ ಯಾರೂ ಅಚ್ಚು ಹಾಕಬಾರದೆಂದೂ ಆದೇಶಿಸಿತು.

ಭಾನುವಾರದ ಪತ್ರಿಕೆಯೊಂದು ಮಕ್ಕಳನ್ನು ಕಳೆದುಕೊಂಡೆನೆಂಬ ಕ್ಲೈವನ ಕಣ್ಣೀರನ್ನು ಅಚ್ಚು ಹಾಕಿತು. ಯಾರ ಹೆಸರೂ ಇರಲಿಲ್ಲ. ‘ಕ್ಲಬ್ಬಿನ ಟೀ ನೋಡಿಕೊಳ್ಳುವ, ಪೈ ಒಳಗೆ ಕೋಸು ತುಂಬುವ ಹೆಂಡತಿ’ ಎಂದಿತ್ತು. ಸೋಮವಾರ ಶಾಲೆಯಲ್ಲಿ ದೊಡ್ಡ ಮಗಳ ಬೆನ್ನಿಗೆ ಯಾರೋ ಕೋಸಿನ ಎಲೆ ಅಂಟಿಸಿದರು.

ಆದೇಶ ಮೀರಿದ್ದಕ್ಕೆ ಪತ್ರಿಕೆಯ ಸಂಪಾದಕನ ಮೇಲೆ ನ್ಯಾಯಾಂಗ ನಿಂದನೆಯ ವಿಚಾರಣೆ ಶುರುವಾಯಿತು. ಇವನು ತಪ್ಪಿಸಿಕೊಂಡರೆ ಮುಂದಿನ ವಾರ ಮಕ್ಕಳ ಶಾಲೆಯೂ ಪತ್ರಿಕೆಯಲ್ಲಿ ಬರುತ್ತದೆಂದು ಜನೀನ್‌ಗೆ ಗೊತ್ತಿತ್ತು. ಎಲೆ ಅಂಟಿಸಿದ್ದು ಬರೀ ಹುಡುಗಾಟ ಎಂದ ಅವನ ವಕೀಲ. ಇದನ್ನೋದಿ ಯಾರಿಗೆ ಗುರುತು ಸಿಕ್ಕಿತು, ತೋರಿಸಿ ಎಂದ.

ಕ್ಲಬ್ಬಿನ ಕಾರ್ಯದರ್ಶಿ ಡೆರಿಕ್ ನ್ಯಾಯಾಧೀಶೆಯ ಮುಂದೆ ಪ್ರಮಾಣ ಮಾಡಿ ಹೇಳಿದ, “ಯಾರೂಂತ ನಂಗೆ ಹೊಳೀಲೇ ಇಲ್ಲ ಮೇಡಂ. ಟೀ ಯಾರ್ ಮಾಡ್ತಾರೆ ಅಂತ ಯಾರ್ ನೋಡ್ತಾರೆ?”

ಹಿಂದಿನ ಬೆಂಚಿನಲ್ಲಿದ್ದ ಆಟಗಾರರು ನಕ್ಕರು.

ಅಂದು ಸಂಜೆ ಜನೀನ್ ಫೋನಿನಲ್ಲಿ ಡೆರಿಕ್‌ನ ದನಿ ಅಚ್ಚಾಗಿ ಕೂತಿತ್ತು: “ಏನೇ ಜನೀನ್, ಮುನಿಸು ಸಾಕು. ಶನಿವಾರ ಬರೋ ತಂಡದೋರು ಪೇಪರಲ್ಲಿ ಓದ್ಕೊಂಡು ನಿನ್ನ ಆ ಕೋಸಿನ ಪೈನೇ ಬೇಕು ಅಂತಿದಾರೆ. ಬಂದು ಮಾಡ್ಕೊಟ್ಟು ಹೋಗು. ಕ್ಲೈವ್ ಏನೂ ಅನ್ನಲ್ಲ, ನಾನ್ ಹೇಳಿದೀನಿ.”

ಅವಳು ಅದನ್ನು ಅಳಿಸಲಿಲ್ಲ. ಮರುದಿನ ನ್ಯಾಯಾಧೀಶೆ ಕೇಳಿಸಿಕೊಂಡರು. ಮತ್ತೊಮ್ಮೆ ಹಾಕಿಸಿದರು.

“ಹೊಳೀಲೇ ಇಲ್ಲ ಅಂದ್ರಲ್ಲ?”

“ಅದು ಪೈ ವಿಷಯ ಮೇಡಂ,” ಎಂದ ಡೆರಿಕ್. “ಕೇಸಿನ ವಿಷಯ ಅಲ್ಲ.”

ಸಂಪಾದಕ ತಪ್ಪಿತಸ್ಥನಾದ. ಮಕ್ಕಳ ಬಗ್ಗೆ ಇನ್ನೊಂದು ಸಾಲು ಬಂದರೆ ಜೈಲು ಎಂದರು ನ್ಯಾಯಾಧೀಶೆ.

ಹೊರಗೆ ಮೆಟ್ಟಿಲ ಮೇಲೆ ಡೆರಿಕ್ ಅಡ್ಡ ನಿಂತ. “ಅಡುಗೆಗೆ ಕರೆದಿದ್ದಕ್ಕೆ ಹೀಗಾ ಮಾಡೋದು? ಶನಿವಾರ ಅಷ್ಟು ಜನ ಏನ್ ತಿನ್ಬೇಕು?”

“ಹಿಟ್ಟು ಕೆಳಗಿನ ಕಪಾಟಲ್ಲಿದೆ,” ಎಂದಳು ಜನೀನ್. “ಲಟ್ಟಣಿಗೆ ನೀನೇ ಹುಡುಕ್ಕೋ.”